ಜನವರಿಯಲ್ಲಿ ಎದ್ದ ಪೀಕಾಕ್ ಚಿಟ್ಟೆಗೆ ಏನು ಮಾಡಬೇಕು

ಕಿಟಕಿ ಗಾಜಿಗೆ ಬಡಿದುಕೊಳ್ತಾ ಇದೆಯಲ್ಲ, ಅದೇ ಪೀಕಾಕ್ ಚಿಟ್ಟೆ. ಇಂಗ್ಲೆಂಡ್, ಜನವರಿ, ಹೀಟರ್ ಉರೀತಿರೋ ರೂಮು. ರೆಕ್ಕೆ ಮಡಿಸಿದ್ರೆ ಸುಟ್ಟ ಎಲೆ ಥರ ಕಪ್ಪು. ಬಿಚ್ಚಿತು ನೋಡಿ! ಇಟ್ಟಿಗೆ ಕೆಂಪು, ನಾಲ್ಕೂ ರೆಕ್ಕೆ ಮೇಲೆ ಕಣ್ಣಿನಂಥ ಒಂದೊಂದು ಗುರುತು. ಆಗ ಕೇಳೋ ಸುಸ್ ಸದ್ದು ಬಾಯಿಂದ ಬರೋದಲ್ಲ, ರೆಕ್ಕೆ ರೆಕ್ಕೆಗೆ ಉಜ್ಜಿ ಮಾಡೋದು. ಸ್ವೀಡನ್‌ನವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಲೂ ಟಿಟ್ ಹಕ್ಕಿಗಳ ಮುಂದೆ ಇವನ್ನ ಬಿಟ್ಟಿದ್ರು. ಕಣ್ಣಿನ ಗುರುತು ಹಾಗೇ ಇದ್ದ 34ರಲ್ಲಿ ಹಕ್ಕಿಗೆ ಬಲಿಯಾಗಿದ್ದು ಒಂದೇ, ಗುರುತನ್ನ ಬಣ್ಣ ಬಳಿದು ಮುಚ್ಚಿದ 20ರಲ್ಲಿ 13.

ನಮ್ಮ ಕರ್ನಾಟಕದ ಪೀಕಾಕ್ ಪ್ಯಾನ್ಸಿ ಇದೇ ಕುಟುಂಬದ್ದು, ಆದ್ರೆ ಅದು ಕಿತ್ತಳೆ ಬಣ್ಣ... ಅಯ್ಯೋ, ಮಾತು ಎಲ್ಲೋ ಹೋಯ್ತು, ವಿಷಯಕ್ಕೆ ಬರೋಣ.

ಬೇಸಿಗೆ ಕೊನೇಲಿ ಇದು ಕತ್ತಲು, ತಂಪು ಹುಡುಕ್ಕೊಂಡು ಒಳಗೆ ಬಂದು ಪರದೆ ಮಡಿಕೆಯಲ್ಲಿ ಚಳಿನಿದ್ದೆಗೆ ಕೂರುತ್ತೆ. ಆಗ ರೂಮು ತಣ್ಣಗಿರುತ್ತೆ. ಚಳಿಗಾಲಕ್ಕೆ ಹೀಟರ್ ಹಾಕಿದ್ದೇ ತಡ, ವಸಂತ ಬಂತು ಅಂತ ಎದ್ದುಬಿಡುತ್ತೆ. ಹೊರಗೆ ಹೂವಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬೆಲ್ಲ ಹಾರಾಟಕ್ಕೇ ಖರ್ಚಾಗುತ್ತೆ. ಕಿಟಕಿ ತೆಗೆದು ಹೊರಗೆ ಬಿಡೋದು ಪುಣ್ಯದ ಕೆಲಸ ಅಲ್ಲ, ಕೊಂದ ಹಾಗೆ. ಸಕ್ಕರೆ ನೀರು ಕೊಟ್ಟು ಬೆಚ್ಚಗಿನ ರೂಮಲ್ಲೇ ಇಟ್ಟುಕೊಳ್ಳೋದೂ ಬೇಡ, ಮಲಗೋದೇ ಇಲ್ಲ. ರಟ್ಟಿನ ಡಬ್ಬಿಗೆ ಹಾಕಿ, ಅರ್ಧ ಗಂಟೆ ತಂಪು ಜಾಗದಲ್ಲಿಡಿ, ಶಾಂತವಾಗುತ್ತೆ. ಆಮೇಲೆ ಹೀಟರ್ ಇಲ್ಲದ ಶೆಡ್ಡಿನ ಗೋಡೆಗೆ ಮೆಲ್ಲಗೆ ಬಿಡಿ. ಬಿಸಿಲು ಬೀಳದ ಮೂಲೆ ಇರಲಿ. ಬಹಳ ಜನ ಮರೆಯೋದು ಒಂದೇ: ಮಾರ್ಚ್‌ಗೆ ಹೊರಗೆ ಹೋಗೋಕೆ ಸಂದು ಬೇಕು. ಬಾಗಿಲು ಬಿಗಿಯಾಗಿ ಮುಚ್ಚಿದ ಶೆಡ್ಡಲ್ಲಿ ಚಳಿ ಗೆದ್ದ ಚಿಟ್ಟೆ ಏಪ್ರಿಲ್‌ನಲ್ಲಿ ಹಸಿದು ಸಾಯುತ್ತೆ.

ಇನ್ನು ತೋಟ. ಬಡ್ಲಿಯಾ ಅನ್ನೋ ಹೂಪೊದೆ ನೆಟ್ರೆ ಚಿಟ್ಟೆ ಸಾಕಿದ ಹಾಗೆ ಅನ್ನೋದು ಶುದ್ಧ ಸುಳ್ಳು, ಮರಿಹುಳ ಅದರ ಎಲೆ ಮುಟ್ಟಲ್ಲ. ಹಾಗಂತ ಕೀಳಬೇಡಿ, ಚಳಿನಿದ್ದೆಗೆ ಮುಂಚೆ ಆಗಸ್ಟ್‌ನಲ್ಲಿ ಅಲ್ಲಿ ಮಕರಂದ ಸಿಗುತ್ತೆ. ಆದ್ರೆ ಮೊಟ್ಟೆ ಇಡೋಕೆ, ಮುಟ್ಟಿದ್ರೆ ಉರಿಯೋ ನೆಟಲ್ ಗಿಡವೇ ಬೇಕು, ಅದೂ ಬಿಸಿಲಲ್ಲಿರೋದು. ಗೋಡೆ ನೆರಳಿನ ಗಿಡಕ್ಕೆ ಇದು ಬರೋದು ಕಮ್ಮಿ. ಈ ಶಾಟ್ ಮೇ ತಿಂಗಳದ್ದು. ತುದಿ ಎಲೆ ತಿರುಗಿಸಿದ್ರೆ ಅಡಿಯಲ್ಲಿ ಹಸಿರು ಮೊಟ್ಟೆ, ಒಂದೇ ಗುಂಪಲ್ಲಿ ನೂರಾರು. ಪಕ್ಕದ ಗಿಡದಲ್ಲಿ ಬಲೆ ನೇಯ್ದುಕೊಂಡು ಕಪ್ಪು ಮುಳ್ಳಿನ ಹುಳಗಳು, ಮೈ ತುಂಬ ಬಿಳಿ ಚುಕ್ಕಿ. ಈ ಹೊತ್ತಲ್ಲೇ ತೋಟ ಚೊಕ್ಕ ಮಾಡೋರು ಕತ್ತರಿ ಹಿಡೀತಾರೆ, ಇಡೀ ಸಂಸಾರ ಕಸದ ಚೀಲಕ್ಕೆ. ಬಲೆ ಕಂಡ ಗಿಡ ಬಿಟ್ಟು ಉಳಿದದ್ದು ಕತ್ತರಿಸಿ. ಹುಳ ದಪ್ಪಗಾಗಿ ಕೋಶ ಕಟ್ಟೋಕೆ ಬೇರೆ ಕಡೆ ಹೊರಟ ಮೇಲೆ ಅದನ್ನೂ ಕತ್ತರಿಸಬಹುದು. ಕೈಗವಸು ಹಾಕ್ಕೊಳ್ಳಿ.