ನಂಬುವುದು ಬೇರೆ, ಬಲ್ಲೆನೆನ್ನುವುದು ಬೇರೆ

ಶ್ರೋತೃಗಳಿಗೆ ನಮಸ್ಕಾರ. ತತ್ತ್ವಶಾಸ್ತ್ರವನ್ನು ಬಹುಕಾಲ ಬೋಧಿಸಿದ ನನಗೆ ಎಲ್ಲಕ್ಕಿಂತ ಹೆಚ್ಚು ಸಲ ಎದುರಾದ ಪ್ರಶ್ನೆ ಇದು: ‘ನೀವು ನಾಸ್ತಿಕರೋ, ಅಜ್ಞೇಯತಾವಾದಿಗಳೋ? ಎರಡರಲ್ಲಿ ಒಂದನ್ನು ಹೇಳಿಬಿಡಿ.’ ಎರಡರಲ್ಲಿ ಒಂದನ್ನೇ ಏಕೆ ಹೇಳಬೇಕು? ದೇವರಿದ್ದಾನೆಂದು ನಂಬುತ್ತೀರಾ ಎಂಬುದು ಒಂದು ಪ್ರಶ್ನೆ. ದೇವರಿದ್ದಾನೋ ಇಲ್ಲವೋ ಎಂಬುದನ್ನು ಖಚಿತವಾಗಿ ಬಲ್ಲಿರಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ನಂಬುವುದಿಲ್ಲ’ ಎನ್ನುವವನು ನಾಸ್ತಿಕ, ಎರಡನೆಯದಕ್ಕೆ ‘ಬಲ್ಲೆನೆನ್ನಲಾರೆ’ ಎನ್ನುವವನು ಅಜ್ಞೇಯತಾವಾದಿ, ಮತ್ತು ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಬಹುದು. ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲವೆಂದು ನಂಬಿಯೇ ನಾವು ದೀಪ ಆರಿಸುತ್ತೇವೆ. ಅದನ್ನೇ ಆಣೆಯಿಟ್ಟು ಹೇಳಿರೆಂದರೆ ತಡವರಿಸುತ್ತೇವೆ.

ಅಜ್ಞೇಯತಾವಾದಿಗೆ ಇಂಗ್ಲಿಷಿನಲ್ಲಿರುವ ‘ಅಗ್ನಾಸ್ಟಿಕ್’ ಎಂಬ ಪದವನ್ನು 1869ರಲ್ಲಿ ಸೃಷ್ಟಿಸಿದವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಸುತ್ತಲಿನ ವಿದ್ವಾಂಸರೆಲ್ಲರಿಗೂ ಒಂದೊಂದು ವಾದದ ಹೆಸರಿದ್ದು ತನಗೆ ಮಾತ್ರ ಇಲ್ಲದಿದ್ದಾಗ, ಬಾಲ ಕಳೆದುಕೊಂಡ ನರಿಯಂತೆ ತನಗೆ ಸಂಕೋಚವಾಯಿತೆಂದು ಆತನೇ ಬರೆದುಕೊಂಡಿದ್ದಾನೆ. ಸಾಕಷ್ಟು ಆಧಾರವಿಲ್ಲದೆ ಖಚಿತವೆನ್ನಬೇಡಿ ಎಂಬುದಷ್ಟೇ ಅವನ ಒತ್ತಾಯ. ನಮ್ಮ ‘ಅಜ್ಞೇಯ’ ಎಂಬ ಪದವಾದರೋ ‘ಎಂದಿಗೂ ತಿಳಿಯಲಾಗದ್ದು’ ಎಂದು ಅದಕ್ಕಿಂತ ದೊಡ್ಡ ಮಾತನ್ನೇ ಆಡಿಬಿಡುತ್ತದೆ. ಈ ಅನುವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ, ಆದರೂ ರೂಢಿಗೆ ತಲೆಬಾಗಿ ಬಳಸುತ್ತಿದ್ದೇನೆ.

ಇಲ್ಲೊಂದು ಪ್ರಸಂಗವನ್ನು ಹೇಳಲೇಬೇಕು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧವನ್ನು ವಿರೋಧಿಸುತ್ತಿದ್ದ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೆ, ತಾನು ಬರೆದ ಒಂದು ಲೇಖನದ ಕಾರಣದಿಂದ 1918ರಲ್ಲಿ ಆರು ತಿಂಗಳ ಸೆರೆವಾಸವಾಯಿತು. ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯ ಬಾಗಿಲಲ್ಲಿ ಹೊಸ ಕೈದಿಯ ವಿವರಗಳನ್ನು ಬರೆದುಕೊಳ್ಳುತ್ತಿದ್ದ ಕಾವಲುಗಾರ ಧರ್ಮ ಯಾವುದೆಂದು ಕೇಳಿದಾಗ, ರಸೆಲ್ ‘ಅಗ್ನಾಸ್ಟಿಕ್’ ಎಂದು ಉತ್ತರಿಸಿದನು. ಪದವನ್ನು ಎಂದೂ ಕೇಳಿರದ ಆ ಕಾವಲುಗಾರ ಅದರ ಕಾಗುಣಿತವನ್ನು ಕೇಳಿ ಬರೆದುಕೊಂಡು, ನಿಟ್ಟುಸಿರುಬಿಟ್ಟು, ‘ಧರ್ಮಗಳೇನೋ ಹಲವಾರಿವೆ, ಆದರೆ ಎಲ್ಲವೂ ಪೂಜಿಸುವುದು ಒಬ್ಬನೇ ದೇವರನ್ನಲ್ಲವೇ’ ಎಂದನಂತೆ. ಈ ಒಂದು ಮಾತು ತನ್ನನ್ನು ಸುಮಾರು ಒಂದು ವಾರ ಉಲ್ಲಾಸದಲ್ಲಿಟ್ಟಿತೆಂದು ರಸೆಲ್ ನೆನೆದಿದ್ದಾನೆ. ನಾವು ನಗುತ್ತೇವೆ, ಆದರೆ ಆ ಬಡಪಾಯಿಯನ್ನು ನಾನು ಪೂರ್ತಿ ದೂಷಿಸಲಾರೆ: ಅವನ ಕಾಗದದಲ್ಲಿದ್ದದ್ದು ನಂಬಿಕೆಯ ಅಂಕಣ, ರಸೆಲ್ ಕೊಟ್ಟದ್ದು ಅರಿವಿನ ಕುರಿತ ಉತ್ತರ. ಮುಂದೆ 1947ರಲ್ಲಿ ರಸೆಲ್ ಇದನ್ನು ತಾನೇ ಬಿಡಿಸಿ ಹೇಳಿದನು: ದೇವರಿಲ್ಲವೆಂದು ಸಾಧಿಸಿ ತೋರಿಸಲಾಗದ ಕಾರಣ ತತ್ತ್ವಜ್ಞರ ಮುಂದೆ ತಾನು ಅಜ್ಞೇಯತಾವಾದಿ, ಆದರೆ ಗ್ರೀಕರ ಹಳೆಯ ದೇವತೆಗಳಿಲ್ಲವೆಂದೂ ಸಾಧಿಸಿ ತೋರಿಸಲಾಗದಿದ್ದರೂ ಅವರನ್ನು ನಾವಾರೂ ನಂಬದೆ ಇರುವುದರಿಂದ, ಜನಸಾಮಾನ್ಯರ ಮುಂದೆ ನಾಸ್ತಿಕನೆಂದರೇ ಸರಿ.

ಸಮಯ ಮುಗಿಯುತ್ತಿರುವ ಸೂಚನೆ ಕಾಣುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ‘ನಾಸ್ತಿಕ’ನೆಂದರೆ ಬಹುಮಟ್ಟಿಗೆ ವೇದಪ್ರಾಮಾಣ್ಯವನ್ನು ಒಪ್ಪದವನೇ ಹೊರತು ದೇವರನ್ನು ಒಪ್ಪದವನಲ್ಲ, ವೇದವನ್ನೇ ಪ್ರಮಾಣವೆಂದು ಅದರ ವಿಧಿಗಳನ್ನು ವಿಚಾರಿಸಿದ, ಆದರೆ ಸೃಷ್ಟಿಕರ್ತನ ಗೊಡವೆಯೇ ಇಲ್ಲದ ಮೀಮಾಂಸಕರು ಆಸ್ತಿಕರ ಪಂಕ್ತಿಯಲ್ಲಿ ಕುಳಿತದ್ದು ಅದರಿಂದಲೇ. ಇನ್ನು, ಸಂಶಯ ನಂಬದವರ ಸ್ವತ್ತೇನೂ ಅಲ್ಲ, ನಂಬುವವನೂ ‘ನಂಬುತ್ತೇನೆ, ಆದರೆ ಬಲ್ಲೆನೆನ್ನಲಾರೆ’ ಎನ್ನಬಹುದು. ಋಗ್ವೇದದ 10ನೆಯ ಮಂಡಲದ 129ನೆಯ ಸೂಕ್ತ, ಈ ಸೃಷ್ಟಿ ಎಲ್ಲಿಂದ ಬಂದಿತೆಂದು ಕೇಳುತ್ತಾ ಹೋಗಿ, ಪರಮಾಕಾಶದಲ್ಲಿದ್ದು ಇದನ್ನೆಲ್ಲ ನೋಡುತ್ತಿರುವವನು ಬಲ್ಲನು, ಅಥವಾ ಅವನೂ ಅರಿಯನೋ ಏನೋ ಎಂಬಲ್ಲಿಗೆ ನಿಲ್ಲುತ್ತದೆ. ನಮಸ್ಕಾರ.