ಕಿಟಕಿ ಕಟ್ಟೆಯ ಕಪ್ಪು ಧೂಳು

ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಒಂದು ದೊಡ್ಡ ರಸ್ತೆಗೆ ಅಂಟಿಕೊಂಡ ಹಾಗೆ ಇದೆ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಿಟಕಿ ಕಟ್ಟೆ ಒರೆಸಿದರೆ ಸಂಜೆಗೆ ಮತ್ತೆ ಧೂಳು. ಧೂಳು ಎಲ್ಲಿಲ್ಲ ಹೇಳಿ, ಅಂತ ನೀವು ಕೇಳಬಹುದು. ಆದರೆ ಹಿಂದುಗಡೆ ಕಿಟಕಿಯಲ್ಲಿ ಕೂರುವ ಧೂಳು ನಮ್ಮ ಮಣ್ಣಿನ ಹಾಗೆ ಕೆಂಪಗಿರುತ್ತದೆ, ರಸ್ತೆ ಕಡೆಯದು ಕಪ್ಪು. ಬೆರಳಿಗೆ ಜಿಡ್ಡಾಗಿ ಹತ್ತುತ್ತದೆ. ಹಳ್ಳಿ ಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯ ತಳ ಮುಟ್ಟಿ ನೋಡಿದ್ದೀರಲ್ವಾ, ಅದೇ ಮಸಿ. ಸೌದೆ ಪೂರ್ತಿ ಉರಿಯದೆ ಹೊಗೆಯಾದಾಗ ಹಂಡೆಗೆ ಮಸಿ ಹಿಡಿಯುತ್ತದೆ, ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾದಾಗ ಕಿಟಕಿಗೆ ಹಿಡಿಯುತ್ತದೆ. ಅದರ ಜೊತೆಗೆ ಸವೆದ ಟೈರಿನ ಪುಡಿ, ಬ್ರೇಕು ಉಜ್ಜಿದಾಗ ಉದುರಿದ ಲೋಹದ ಪುಡಿ, ಗಾಡಿ ಹೋದಾಗೆಲ್ಲ ಏಳುವ ರಸ್ತೆಯ ಮಣ್ಣು.

ಇಷ್ಟೇ ಆಗಿದ್ದರೆ ಪರವಾಗಿಲ್ಲ, ಒರೆಸಿಕೊಂಡು ಇದ್ದುಬಿಡಬಹುದಿತ್ತು. ಕಟ್ಟೆ ಮೇಲೆ ಕಾಣುವುದು ದಪ್ಪ ಧೂಳು. ಭಯ ಇರುವುದು ಕಾಣದ ಧೂಳಿನದ್ದು. ಸುದ್ದಿಯಲ್ಲಿ ಪಿಎಂ 2.5 ಅಂತ ಹೇಳುತ್ತಾರಲ್ಲ, ಅದು ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳ ಲೆಕ್ಕ. ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ದಪ್ಪ ಧೂಳನ್ನು ಮೂಗಿನ ಕೂದಲು ತಡೆಯುತ್ತದೆ, ಗಂಟಲಿನ ಕಫ ಹಿಡಿಯುತ್ತದೆ, ಸೀನಿನಲ್ಲೋ ಕೆಮ್ಮಿನಲ್ಲೋ ಹೊರಗೆ ಬರುತ್ತದೆ. ಈ ಸಣ್ಣ ಕಣಕ್ಕೆ ಅಂಥ ತಡೆ ಇಲ್ಲ. ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿ ಚೀಲದವರೆಗೆ ಹೋಗಿ ಕೂರುತ್ತದೆ. ಇನ್ನೂ ಸಣ್ಣವು, ಎಂಜಿನ್ ಹೊಗೆಯಲ್ಲಿ ಜಾಸ್ತಿ ಇರುವಂಥವು, ಅಲ್ಲಿಂದ ರಕ್ತಕ್ಕೂ ಇಳಿಯುತ್ತವೆ.

ಹೊಗೆ ಅಂದ ಕೂಡಲೇ ನಮಗೆ ನೆನಪಾಗುವುದು ಕೆಮ್ಮು, ಉಬ್ಬಸ. ಅದು ಸರಿಯೇ, ಆದರೆ ಅದು ಅರ್ಧ ಕಥೆ. ಒಳಗೆ ಹೋದ ಕಣವನ್ನು ಮೈ ಶತ್ರು ಅಂತ ತಿಳಿದು ಉರಿಯೂತ ಎಬ್ಬಿಸುತ್ತದೆ. ಆ ಉರಿಯೂತ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ರಕ್ತನಾಳದ ಒಳಗೋಡೆ ಒರಟಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹಾಗಾಗಿ ಕೆಟ್ಟ ಗಾಳಿ ಜನರನ್ನು ಕೊಲ್ಲುವುದು ಹೆಚ್ಚಾಗಿ ಹೃದಯಾಘಾತದಿಂದ, ಲಕ್ವದಿಂದ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಬಸುರಿಯರು ಈ ಗಾಳಿ ಕುಡಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಹೆಚ್ಚು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಾವು ಬೆಂಗಳೂರಿನವರು ದೆಹಲಿಯ ಸುದ್ದಿ ನೋಡಿ ಸಮಾಧಾನ ಮಾಡಿಕೊಳ್ಳುತ್ತೇವೆ. ನಮ್ಮದು ಎತ್ತರದ ಊರು, ಗಾಳಿ ಬೀಸುತ್ತದೆ, ಮೊಬೈಲ್‌ನಲ್ಲಿ ಗಾಳಿಯ ಗುಣಮಟ್ಟ ನೋಡಿದರೆ ಎಷ್ಟೋ ದಿನ ತೃಪ್ತಿಕರ ಅಂತಲೇ ಬರುತ್ತದೆ. ಆದರೆ ನಮ್ಮ ದೇಶದ ಲೆಕ್ಕದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಅರವತ್ತು ಮೈಕ್ರೋಗ್ರಾಂ ತನಕ ಇದ್ದರೂ ಅದು ತೃಪ್ತಿಕರವೇ. ಒಂದು ದಿನಕ್ಕೆ ಹದಿನೈದು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಾಲ್ಕು ಪಟ್ಟು ವ್ಯತ್ಯಾಸ. ಅದಕ್ಕಿಂತ ದೊಡ್ಡ ವಿಷಯ, ಅಳೆಯುವ ಯಂತ್ರ ಇರುವುದು ಎಲ್ಲೋ ಒಂದು ಕಡೆ, ನೀವು ಉಸಿರಾಡುವುದು ಇನ್ನೊಂದು ಕಡೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಲಾರಿಯ ಹಿಂದೆ ಬೈಕ್ ನಿಲ್ಲಿಸಿಕೊಂಡಿರುವವರ ಮೂಗಿನ ಮುಂದಿನ ಗಾಳಿ ಊರಿನ ಸರಾಸರಿ ಗಾಳಿಯಲ್ಲ. ಎಂಜಿನ್ ಹೊಗೆಯ ಸಣ್ಣ ಕಣಗಳು ರಸ್ತೆ ಅಂಚಿನಲ್ಲಿ ದಟ್ಟವಾಗಿರುತ್ತವೆ, ನೂರು ಇನ್ನೂರು ಮೀಟರ್ ದೂರ ಹೋದರೆ ಬಹಳ ಕಡಿಮೆಯಾಗುತ್ತವೆ. ಯಾವ ಊರಿನಲ್ಲಿದ್ದೀರಿ ಅನ್ನುವಷ್ಟೇ ಮುಖ್ಯ, ಸೈಲೆನ್ಸರ್‌ನಿಂದ ಎಷ್ಟು ದೂರದಲ್ಲಿದ್ದೀರಿ ಅನ್ನುವುದು.

ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಹೃದಯಾಘಾತವಾಗಿ ಬದುಕಿ ಉಳಿದ ಸುಮಾರು 700 ಜನರನ್ನು ಕೇಳಿದರು, ಅದಕ್ಕೆ ಮೊದಲು ನೀವು ಎಲ್ಲೆಲ್ಲಿದ್ದಿರಿ, ಏನೇನು ಮಾಡುತ್ತಿದ್ದಿರಿ ಅಂತ. 2004ರಲ್ಲಿ ಅದರ ಫಲ ಹೊರಗೆ ಬಂತು. ಟ್ರಾಫಿಕ್‌ನಲ್ಲಿದ್ದ ಮುಂದಿನ ಒಂದು ಗಂಟೆಯೊಳಗೆ ಹೃದಯಾಘಾತ ಆಗುವ ಅಪಾಯ ಸುಮಾರು ಮೂರು ಪಟ್ಟು ಇತ್ತು. ಕಾರಿನಲ್ಲಿದ್ದರೂ, ಬಸ್ಸಿನಲ್ಲಿದ್ದರೂ, ಸೈಕಲ್ ಮೇಲಿದ್ದರೂ. ಇದರಲ್ಲಿ ಗಲಾಟೆಯ ಪಾಲು, ಮನಸ್ಸಿನ ಒತ್ತಡದ ಪಾಲು ಇರಬಹುದು, ಪೂರ್ತಿ ಹೊಗೆಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೂ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವ ಊರಿನವಳಾಗಿ ನಾನು ಅದನ್ನು ಓದಿದ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಲಂಡನ್ನಿನ ಎಲ್ಲಾ ಅನ್ನುವ ಹುಡುಗಿಯ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎಲ್ಲಾ ಅಡೂ ಕಿಸ್ಸಿ ಡೆಬ್ರಾ. ಊರಿನ ಆಗ್ನೇಯದ ಲೂಯಿಶಾಮ್‌ನಲ್ಲಿ, ಸೌತ್ ಸರ್ಕ್ಯುಲರ್ ಅನ್ನುವ ಸದಾ ವಾಹನ ತುಂಬಿದ ರಸ್ತೆಗೆ ತೀರಾ ಹತ್ತಿರದಲ್ಲಿ ಅವಳ ಮನೆ. ಮೂರು ವರ್ಷದೊಳಗೆ ಹತ್ತಿರ ಹತ್ತಿರ ಮೂವತ್ತು ಸಲ ಅಸ್ತಮಾ ಜೋರಾಗಿ ಆಸ್ಪತ್ರೆ ಸೇರಿದಳು. 2013ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವಳಿಗೆ 9 ವರ್ಷ. ಉಸಿರಾಟ ನಿಂತು ಸಾವು ಅಂತ ಮೊದಲ ವಿಚಾರಣೆ ಮುಗಿಸಿತು. ಅವಳ ಅಮ್ಮ ರೋಸಮಂಡ್ ಬಿಡಲಿಲ್ಲ. ವರ್ಷಗಟ್ಟಲೆ ಓಡಾಡಿ ಮತ್ತೆ ವಿಚಾರಣೆ ಮಾಡಿಸಿದರು. 2020ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ವಾಯುಮಾಲಿನ್ಯವೂ ಈ ಮಗುವಿನ ಸಾವಿಗೆ ಕಾರಣ, ಅದರಲ್ಲಿ ಮುಖ್ಯ ಪಾಲು ವಾಹನದ ಹೊಗೆಯದ್ದು. ಗಾಳಿಯಿಂದ ಹೀಗಾಗಬಹುದು ಅನ್ನುವ ಮಾಹಿತಿಯನ್ನೇ ಆ ತಾಯಿಗೆ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಅವರು ಏನಾದರೂ ಮಾಡಬಹುದಿತ್ತು ಅಂತಲೂ ಅಲ್ಲಿ ಹೇಳಿದರು. ಈ ಒಂದು ಮಾತಿನಿಂದಲೇ ನಾನು ಇವತ್ತು ಈ ಮೈಕಿನ ಮುಂದೆ ಕೂತಿದ್ದೇನೆ.

ಮಕ್ಕಳ ವಿಷಯಕ್ಕೆ ಇನ್ನೂ ಒಂದು ಮಾತು. ಮಗು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ಅದರ ತೂಕಕ್ಕೆ ಹೋಲಿಸಿದರೆ ಒಳಗೆ ಎಳೆದುಕೊಳ್ಳುವ ಗಾಳಿ ಜಾಸ್ತಿ. ರಸ್ತೆ ಬದಿ ನಡೆಯುವಾಗ ಅದರ ಮೂಗು ನಮ್ಮದಕ್ಕಿಂತ ಸೈಲೆನ್ಸರ್‌ಗೆ ಹತ್ತಿರ. ಶಾಲೆ ಬಿಡುವ ಹೊತ್ತು ಗೇಟಿನ ಮುಂದೆ ನಿಂತು ನೋಡಿ: ವ್ಯಾನು, ಆಟೋ, ಕಾರು, ಸ್ಕೂಟರು, ಎಲ್ಲ ಎಂಜಿನ್ ಆನ್ ಮಾಡಿಕೊಂಡೇ ಕಾಯುತ್ತಿರುತ್ತವೆ, ಮಕ್ಕಳು ಅದರ ನಡುವೆಯೇ ಓಡಿ ಬರುತ್ತಾರೆ. ಆ ಹತ್ತು ನಿಮಿಷ ಎಲ್ಲರೂ ಕೀ ತಿರುಗಿಸಿ ಆಫ್ ಮಾಡಿದರೆ ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಸಿಗ್ನಲ್‌ನಲ್ಲೂ ಅಷ್ಟೇ, ಎದುರಿಗೆ ಸೆಕೆಂಡು ಎಣಿಸುವ ಬೋರ್ಡ್ ಇದೆಯಲ್ಲ, ತೊಂಬತ್ತು ಅಂತ ತೋರಿಸುತ್ತಿದ್ದರೂ ಯಾಕೆ ಎಂಜಿನ್ ಉರಿಸಬೇಕು?

ಬಸ್ ಕಾಯುವಾಗ ರಸ್ತೆ ಅಂಚಿಗೆ ಬಂದು ನಿಲ್ಲುವುದು ನಮ್ಮ ಅಭ್ಯಾಸ, ಬಸ್ಸು ತಪ್ಪಿ ಹೋಗುತ್ತದೆ ಅನ್ನುವ ಭಯ. ಬಸ್ಸು ಕಾಣುವ ತನಕ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ವಾಕಿಂಗ್‌ಗೆ ಮೇನ್ ರೋಡ್ ಬೇಡ, ಒಳಗಿನ ಅಡ್ಡರಸ್ತೆ ಹಿಡಿಯಿರಿ, ಜೋರಾಗಿ ನಡೆಯುವಾಗ ಉಸಿರೂ ಜಾಸ್ತಿ ಆಗುತ್ತದೆ. ಕರ್ಚೀಫು, ದುಪಟ್ಟ ಕಟ್ಟಿಕೊಂಡರೆ ಕೆಂಪು ಧೂಳು ನಿಲ್ಲಬಹುದು, ಈ ಸಣ್ಣ ಕಣ ಅಷ್ಟಾಗಿ ನಿಲ್ಲುವುದಿಲ್ಲ. ಅದಕ್ಕೆ ಎನ್ 95 ಮಾಸ್ಕೇ ಬೇಕು, ಅದೂ ಮೂಗಿನ ಪಕ್ಕ ಸಂದಿ ಇಲ್ಲದ ಹಾಗೆ ಕೂರಬೇಕು. ಅಸ್ತಮಾ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ಇದನ್ನು ಉಪೇಕ್ಷೆ ಮಾಡಬೇಡಿ.

ಆದರೆ ಎಲ್ಲ ಭಾರವನ್ನೂ ಉಸಿರಾಡುವವರ ಮೇಲೆ ಹಾಕುವುದು ತಪ್ಪು. ಸರ್ಕಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ, ದಿನವಿಡೀ ಓಡಿಸುವ ಆಟೋದವರಿಗೆ, ಫುಟ್‌ಪಾತ್‌ನಲ್ಲಿ ಹೂವು ಕಟ್ಟುತ್ತಾ ಕೂರುವ ಅಮ್ಮನಿಗೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ಅನ್ನುವುದಕ್ಕೆ ಆಗುತ್ತದಾ? ಅವರಿಗೆ ಬೇಕಾದದ್ದು ಹೊಗೆಯೇ ಕಡಿಮೆ ಆಗುವುದು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್ 6 ನಿಯಮದ ಗಾಡಿಗಳೇ ಮಾರಾಟವಾಗುತ್ತಿವೆ, ಅವು ಉಗುಳುವ ಮಸಿ ತುಂಬಾ ಕಡಿಮೆ, ಇದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೆ ಹಳೆಯ ಗಾಡಿಗಳು ರಸ್ತೆಯಲ್ಲೇ ಇವೆ, ಬೆಂಗಳೂರಿನಲ್ಲಿ ನೋಂದಣಿಯಾದ ವಾಹನ ಒಂದು ಕೋಟಿ ದಾಟಿದೆ. ನಾವು ಮಾಡಿಸುವ ಎಮಿಷನ್ ಟೆಸ್ಟ್ ಇದೆಯಲ್ಲ, ಅದರಲ್ಲಿ ಪೆಟ್ರೋಲ್ ಗಾಡಿಯ ಕಣ ಅಳೆಯುವುದೇ ಇಲ್ಲ, ಅನಿಲ ಮಾತ್ರ. ಎಲೆಕ್ಟ್ರಿಕ್ ಗಾಡಿಗೆ ಹೊಗೆ ಇಲ್ಲ, ಸಂತೋಷ, ಆದರೆ ಅದರ ಟೈರೂ ಸವೆಯುತ್ತದೆ, ರಸ್ತೆ ಧೂಳೂ ಏಳುತ್ತದೆ. ಹಾಗಾಗಿ ಗಾಡಿ ಬದಲಾಯಿಸಿದರೆ ಸಾಲದು, ಗಾಡಿಯ ಸಂಖ್ಯೆಯೇ ಇಳಿಯಬೇಕು. ಅರವತ್ತು ಜನರನ್ನು ಹೊತ್ತ ಒಂದು ಬಸ್ಸು, ಒಂದು ಮೆಟ್ರೊ ರೈಲು, ನಡೆಯಲು ಬರುವಂಥ ಫುಟ್‌ಪಾತ್, ಇವೂ ಆಸ್ಪತ್ರೆಯಷ್ಟೇ ಆರೋಗ್ಯದ ಕೆಲಸ ಅಂತ ನಾನು ನಂಬಿದ್ದೇನೆ.

ಗಾಳಿ ಸುಧಾರಿಸಿದರೆ ಮೈ ಅದನ್ನು ಗುರುತಿಸುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಇಪ್ಪತ್ತು ವರ್ಷದ ಹತ್ತಿರ ಮೂರು ತಂಡ ಮಕ್ಕಳ ಶ್ವಾಸಕೋಶ ಅಳೆಯುತ್ತಾ ಬಂದರು. ಆ ಹೊತ್ತಿಗೆ ಅಲ್ಲಿ ಇಂಧನಕ್ಕೂ ವಾಹನಗಳಿಗೂ ಕಟ್ಟುನಿಟ್ಟಿನ ನಿಯಮ ಬಂದು ಗಾಳಿ ತಿಳಿಯಾಗುತ್ತಿತ್ತು. ಮೊದಲ ತಂಡದಲ್ಲಿ ಹದಿನೈದನೇ ವಯಸ್ಸಿಗೆ ಶ್ವಾಸಕೋಶದ ಶಕ್ತಿ ತೀರಾ ಕಡಿಮೆ ಇದ್ದವರು 100ಕ್ಕೆ ಸುಮಾರು 8, ಕೊನೆಯ ತಂಡದಲ್ಲಿ 4ಕ್ಕೂ ಕಡಿಮೆ. ಅದೇ ಊರು, ಅದೇ ರಸ್ತೆಗಳು.

ನಮ್ಮಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಚರ್ಚ್ ಸ್ಟ್ರೀಟ್‌ಗೆ ವಾಹನ ಬಿಡದೆ ನೋಡಿದರು. ಆಮೇಲೆ ವಾಹನ ಮತ್ತೆ ಬಂದವು. ಅದು ಒಂದೇ ಬೀದಿ, ವಾರಕ್ಕೆ ಎರಡೇ ದಿನ. ನಿಮ್ಮ ಬಡಾವಣೆಯಲ್ಲಿ ಹಾಗೆ ವಾಹನ ಬಿಡದೆ ಇರಬಹುದಾದ ರಸ್ತೆ ಯಾವುದು, ನಿಮ್ಮ ಮಗುವಿನ ಶಾಲೆ ಮುಂದಿನದ್ದೇ? ಮುಂದಿನ ವಾರ್ಡ್ ಸಭೆಯಲ್ಲಿ ಅದರ ಹೆಸರು ಹೇಳಿ. ನಾನೂ ನಮ್ಮ ವಾರ್ಡಿನಲ್ಲಿ ಹೇಳುತ್ತೇನೆ. ನಮಸ್ಕಾರ.