ಅಳತೆ ಪುಸ್ತಕದ ಪಕ್ಕದ ಸಾಲು

ಕೇಳುಗರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಟೈಲರ್. ಅಪ್ಪನೂ ಟೈಲರ್ ಆಗಿದ್ದರು. ಪರಿಚಯ ಹೇಳಿಕೊಳ್ಳಿ ಅಂದರೆ ನಮ್ಮ ಕಡೆ ಏನು ಹೇಳುತ್ತೇವೆ? ಯಾವೂರು, ಯಾರ ಮಗಳು, ಯಾರ ಮನೆ ಸೊಸೆ, ಮಕ್ಕಳೆಷ್ಟು. ಅಷ್ಟಾದರೆ ಮುಗಿಯಿತು. ನನಗೆ ಅದು ಸಾಲದು ಅನ್ನಿಸುತ್ತದೆ.

ಅಂಗಡಿಯಲ್ಲಿ ನನ್ನದೊಂದು ಅಳತೆ ಪುಸ್ತಕ ಇದೆ. ಹೆಸರಿನ ಮುಂದೆ ಉದ್ದ, ಎದೆ, ಸೊಂಟ, ತೋಳು ಅಂತ ಅಂಕಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಸಣ್ಣ ಸಾಲೂ ಇರುತ್ತದೆ. ಒಬ್ಬರಿಗೆ ಷರಟಿನ ಒಳಗಡೆ ಇನ್ನೊಂದು ಜೇಬು ಬೇಕು. ಒಬ್ಬರಿಗೆ ಕುತ್ತಿಗೆ ಸ್ವಲ್ಪವೂ ಬಿಗಿ ಆಗಬಾರದು. ಇನ್ನೊಬ್ಬರಿಗೆ ರವಿಕೆ ತೋಳು ಮೊಣಕೈ ಮುಟ್ಟಲೇಬೇಕು. ಅಂಕಿಗಳು ವರ್ಷ ವರ್ಷ ಬದಲಾಗುತ್ತವೆ. ಪಕ್ಕದ ಸಾಲು ಬದಲಾಗುವುದಿಲ್ಲ. ಜನ ನನಗೆ ನೆನಪಿರುವುದೇ ಆ ಸಾಲಿನಿಂದ. ಇವತ್ತು ನನ್ನ ಪಕ್ಕದ ಸಾಲನ್ನು ನಿಮಗೆ ಓದಿ ಹೇಳುತ್ತೇನೆ.

ಮೊದಲನೆಯದು ರೇಡಿಯೋ. ಹೊಲಿಯುವವರಿಗೆ ಇದಕ್ಕಿಂತ ಒಳ್ಳೆ ಜೊತೆ ಇಲ್ಲ. ಕಣ್ಣು ಬಟ್ಟೆ ಮೇಲೆ, ಕೈ ಕಾಲು ಮಷಿನ್ ಮೇಲೆ. ಬಿಡುವಾಗಿರುವುದು ಕಿವಿ ಮಾತ್ರ. ಅಪ್ಪನ ಅಂಗಡಿಯಲ್ಲಿ ದಾರದ ಉಂಡೆಗಳ ಪಕ್ಕ, ಮರದ ಹಲಗೆ ಮೇಲೆ ರೇಡಿಯೋ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅದರ ಕೆಳಗೆ ಕೂತು ಕಾಜಾ ಹಾಕುತ್ತಿದ್ದೆ. ಕೃಷಿ ವಾರ್ತೆ, ಜನಪದ ಗೀತೆ, ನಾಟಕ, ಏನು ಬಂದರೂ ಕೇಳಿದೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಕೇಂದ್ರದ್ದು. ಮುಂದೆ ಅದು ಇಡೀ ದೇಶದ ಹೆಸರಾಯಿತು. ಇದು ಗೊತ್ತಾದಾಗಲೂ ನನ್ನ ಕೈಯಲ್ಲಿ ಸೂಜಿ ಇತ್ತು.

ನನ್ನ ಉಳಿದ ಹವ್ಯಾಸಗಳೆಲ್ಲ ರೇಡಿಯೋದ ಮಕ್ಕಳು. ಒಂದು ನವೆಂಬರ್ ತಿಂಗಳಲ್ಲಿ ಹಲ್ಮಿಡಿ ಶಾಸನದ ಬಗ್ಗೆ ಒಂದು ಮಾತು ಬಂತು. ಬೇಲೂರು ತಾಲ್ಲೂಕಿನ ಊರು. ಕ್ರಿ.ಶ. 450ರ ಆಸುಪಾಸಿನ ಕನ್ನಡ ಬರಹ ಅಲ್ಲಿ ಸಿಕ್ಕಿತು ಅಂದರು. ತಾಳಗುಂದದ ಶಾಸನ ಇನ್ನೂ ಹಳೆಯದು ಅಂತ ಈಚೆಗೆ ಹೇಳುತ್ತಾರೆ. ಇರಲಿ. ನಮ್ಮ ಜಿಲ್ಲೆಯಲ್ಲಿ ಇಷ್ಟು ಹಳೆಯ ಕನ್ನಡ ಇದೆ, ನಾನು ಒಂದು ಸಲವೂ ನೋಡಿಲ್ಲ ಅನ್ನಿಸಿತು. ಮುಂದಿನ ಭಾನುವಾರವೇ ಬೇಲೂರು ಬಸ್ ಹತ್ತಿದೆ. ಅಲ್ಲಿಂದ ಆಟೋ.

ಊರಿನಲ್ಲಿ ಇರುವುದು ಮೂಲ ಕಲ್ಲಲ್ಲ, ಅದರ ಪ್ರತಿಕೃತಿ. ಅದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಒಂದು ಗಳಿಗೆ ಮನಸ್ಸು ಸಣ್ಣದಾಯಿತು. ಆದರೂ ನಿಂತು ನೋಡಿದೆ. ಹದಿನಾರು ಸಾಲು. ಒಂದು ಅಕ್ಷರವೂ ಗುರುತು ಸಿಗಲಿಲ್ಲ. ನನ್ನದೇ ಭಾಷೆ, ನನಗೇ ಓದಲು ಬರುವುದಿಲ್ಲ. ಆ ಸಂಕಟ ಊರಿಗೆ ಬಂದ ಮೇಲೂ ಹೋಗಲಿಲ್ಲ.

ನಮ್ಮ ಅಂಗಡಿಗೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರುತ್ತಿದ್ದರು. ಅವರನ್ನು ಕೇಳಿದೆ. ಅವರು ಆ ಸಾಲುಗಳನ್ನು ಇವತ್ತಿನ ಅಕ್ಷರದಲ್ಲಿ ಬರೆದು ತಂದರು. ನಾನು ಅವರ ಪ್ಯಾಂಟಿನ ಸೊಂಟ ಬಿಡಿಸಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಶನಿವಾರ ಸಂಜೆ ಅರ್ಧ ಗಂಟೆ ಪಾಠ. ಶಾಸನದಲ್ಲಿ ಬಾಳ್ಗಳ್ಚು ಅಂತ ಒಂದು ಮಾತು ಬರುತ್ತದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧ ಮುಗಿದ ಮೇಲೆ ವೀರನಿಗೆ ಕತ್ತಿ ತೊಳೆದು ಕೊಡುವ ದಾನ. ಹಾಗೆ ಕೊಟ್ಟ ಊರುಗಳಲ್ಲಿ ಒಂದು ಪಲ್ಮಿಡಿ. ಅದೇ ಇವತ್ತಿನ ಹಲ್ಮಿಡಿ. ಊರುಗಳ ಹೆಸರಾದ ಮೇಲೆ 'ಕೊಟ್ಟಾರ್' ಅಂತ ಇದೆ. ಕೊಟ್ಟರು ಅಂತ! ಇದಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಸಾವಿರದ ಐನೂರು ವರ್ಷದ ಹಿಂದಿನ ಮಾತು, ಸುಮ್ನೆ ಓದಿದೆ, ಅರ್ಥ ಆಯಿತು. ಆ ಸಂತೋಷವನ್ನು ಹೇಗೆ ಹೇಳಲಿ.

ಹಳಗನ್ನಡದ 'ಪ' ಮುಂದೆ 'ಹ' ಆಯಿತು ಅಂತ ಮೇಷ್ಟ್ರು ತೋರಿಸಿಕೊಟ್ಟರು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಹಾಗಾದರೆ ಹೊಲಿ ಅನ್ನುವುದು? ಪೊಲಿ ಅಂದರು. ಅವತ್ತು ರಾತ್ರಿ ಮಷಿನ್ ಮುಂದೆ ಕೂತು ಪೊಲಿ, ಪೊಲಿ ಅಂತ ಹೇಳಿಕೊಂಡೆ. ನಾನು ಮಾಡುವ ಕೆಲಸಕ್ಕೆ ಇಷ್ಟು ಹಳೆಯ ಹೆಸರು ಇದೆ ಅಂತ ಗೊತ್ತಾದರೆ ಬೆನ್ನು ನೆಟ್ಟಗಾಗುತ್ತದೆ, ಅಲ್ವಾ?

ಅಕ್ಷರದಿಂದ ಕಲ್ಲಿಗೆ ಹೋದೆ. ಬೇಲೂರು ದೇವಸ್ಥಾನಕ್ಕೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಹೋಗಿದ್ದೆ. ಕೈ ಮುಗಿದು, ಪ್ರಸಾದ ತಿಂದು ಬಂದಿದ್ದೆ. ಈಗ ಬಟ್ಟೆ ನೋಡಲು ಹೋಗುತ್ತೇನೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಅಲ್ಲಿ 42 ಮದನಿಕೆಯರು ಇದ್ದಾರೆ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಕಲ್ಲಿನಲ್ಲಿ ಬಟ್ಟೆ ಎಳೆದಂತೆ ತೋರಿಸಬೇಕಾದರೆ ಬಟ್ಟೆ ಹೇಗೆ ಬೀಳುತ್ತದೆ ಅಂತ ಆ ಶಿಲ್ಪಿಗೆ ಚೆನ್ನಾಗಿ ಗೊತ್ತಿರಬೇಕು. ನೆರಿಗೆ ಎಲ್ಲಿ ಕೂರುತ್ತದೆ, ಅಂಚು ಎಲ್ಲಿ ಮಡಚುತ್ತದೆ, ಎಲ್ಲ ನೋಡಿಕೊಂಡು ಮಾಡಿದ ಕೆಲಸ.

ಆ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಹಾಗೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. ದರ್ಜಿಗಳು ಬಟ್ಟೆ ಮೇಲೆ ಗೆರೆ ಎಳೆಯಲು ಹಿಂದೆ ಬಳಸುತ್ತಿದ್ದದ್ದೂ ಇದೇ ಜಾತಿಯ ಮೆತ್ತನೆ ಕಲ್ಲನ್ನು. ಶಿಲ್ಪಿಯ ಕಲ್ಲೂ ನಮ್ಮ ಗೆರೆಯ ಬಳಪವೂ ಒಂದೇ ವಂಶ. ಇದು ತಿಳಿದ ದಿನದಿಂದ ಬೇಲೂರು ನನಗೆ ನೆಂಟರ ಮನೆ ಆಗಿದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಹಿಡಿದು ನಿಲ್ಲಿಸಿತು. ಕೆಲವು ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರು ಕೊರೆದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡಿದ್ದಾರೆ. ನಮ್ಮಪ್ಪನೂ ಒಂದು ಗುರುತು ಬಿಡುತ್ತಿದ್ದರು. ಕಾಲರ್ ಒಳಗಡೆ, ಹೊರಗೆ ಕಾಣದ ಹಾಗೆ, ಕೆಂಪು ದಾರದಲ್ಲಿ ಮೂರು ಹೊಲಿಗೆ. ಹಾಕಿಕೊಂಡವರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಹಾಗೇ ಹಾಕುತ್ತೇನೆ. ನನ್ನದು ಹಸಿರು ದಾರ.

ಊಟ ತಿಂಡಿ ಬಗ್ಗೆ ಎರಡೇ ಮಾತು. ಸೊಗಡಿನ ಅವರೆಕಾಯಿ ಬರುವ ಚಳಿಗಾಲ ನನಗೆ ವರ್ಷದ ಒಳ್ಳೆ ಕಾಲ. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಸಿಹಿ ಅಷ್ಟಾಗಿ ಸೇರುವುದಿಲ್ಲ. ಆದರೆ ಕಾಫಿ ಬೇಕೇ ಬೇಕು. ಅರೇಬಿಕಾ ಪರಿಮಳಕ್ಕೆ, ರೋಬಸ್ಟಾ ಗಟ್ಟಿತನಕ್ಕೆ. ನನಗೆ ಪೀಬೆರಿ ಇಷ್ಟ. ಸಾಮಾನ್ಯವಾಗಿ ಕಾಫಿ ಹಣ್ಣಿನೊಳಗೆ ಎರಡು ಬೀಜ ಇರುತ್ತವೆ. ಒಂದೇ ಬೀಜ ಇದ್ದರೆ ಅದು ಗುಂಡಗೆ ಬೆಳೆಯುತ್ತದೆ, ಅದೇ ಪೀಬೆರಿ. ಚಿಕೋರಿ ಹಾಕಿಸುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಸಕಲೇಶಪುರದ ಕಡೆ ಒಮ್ಮೆ ಹೋಗಿ ಬರುತ್ತೇನೆ. ತೋಟದ ತುಂಬ ಬಿಳಿ ಹೂ. ಬಸ್ಸಿನ ಕಿಟಕಿ ತೆಗೆದರೆ ಮಲ್ಲಿಗೆಯಂಥ ವಾಸನೆ ಒಳಗೆ ಬರುತ್ತದೆ. ಇಳಿಯಬೇಕು ಅಂತಲೂ ಇಲ್ಲ, ಹಾಗೇ ಕೂತು ವಾಪಸ್ ಬಂದರೂ ಸಾಕು.

ಕೊನೆಯದು ಗುಂಡಿಗಳು. ಷರಟಿನ ಗುಂಡಿ, ಕೋಟಿನ ಗುಂಡಿ. ಹಳೆಯ ಹಾರ್ಲಿಕ್ಸ್ ಗಾಜಿನ ಬಾಟಲಿಗಳಲ್ಲಿ ಕೂಡಿಟ್ಟಿದ್ದೇನೆ. ಕೊಂಬಿನದು, ಚಿಪ್ಪಿನದು, ಹಿತ್ತಾಳೆಯದು, ಕರಟದ್ದು. ಚಿಪ್ಪಿನ ಗುಂಡಿಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿರುತ್ತದೆ. ಪ್ಲಾಸ್ಟಿಕ್ ಹಾಗಿರುವುದಿಲ್ಲ. ಪ್ರತಿ ಗುಂಡಿ ಯಾವ ಬಟ್ಟೆಯದು, ಯಾರು ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಹೋದ ಮಳೆಗಾಲದಲ್ಲಿ ಒಬ್ಬರು ಅಜ್ಜಿ ಹಳೆ ಕೋಟು ತಂದರು. ಯಜಮಾನರದ್ದು. ಅವರು ತೀರಿಕೊಂಡು ಬಹಳ ವರ್ಷ ಆಗಿತ್ತು. ಮೊಮ್ಮಗನಿಗೆ ಆಗುವ ಹಾಗೆ ಚಿಕ್ಕದು ಮಾಡಿಕೊಡವ್ವ ಅಂದರು. ಕೊಂಬಿನ ಗುಂಡಿ ನಾಲ್ಕಿದ್ದವು. ಮೊಮ್ಮಗನಿಗೆ ಮೂರು ಸಾಕು, ಇದು ನಿನಗಿರಲಿ ಅಂತ ಒಂದನ್ನು ನನ್ನ ಕೈಗೆ ಕೊಟ್ಟರು. ಅವರು ಹೋದ ಮೇಲೆ ಕೋಟು ಬಿಚ್ಚಲು ಕೂತೆ. ಕಾಲರ್ ಹೊಲಿಗೆ ಬಿಚ್ಚಿದೆ. ಒಳಗೆ ಕೆಂಪು ದಾರ, ಮೂರು ಹೊಲಿಗೆ.

ರೇಡಿಯೋ ಹಾಡುತ್ತಿತ್ತು. ನಾನು ಮಷಿನ್ ನಿಲ್ಲಿಸಿ ಬಹಳ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಆ ಮೂರು ಹೊಲಿಗೆ ಹಾಗೇ ಉಳಿಸಿ, ಪಕ್ಕದಲ್ಲಿ ನನ್ನ ಹಸಿರು ದಾರ ಹಾಕಿ, ಕಾಲರ್ ಮುಚ್ಚಿದೆ. ಆ ಹುಡುಗ ಈಗ ಅದನ್ನು ಹಾಕಿಕೊಂಡು ಓಡಾಡುತ್ತಾನೆ.

ನಿಮ್ಮ ಮನೆ ಟ್ರಂಕಿನಲ್ಲಿ ತಾತನ ಕೋಟೋ ಜುಬ್ಬವೋ ಇದ್ದರೆ ಎಸೆಯಬೇಡಿ. ಹಾಸನಕ್ಕೆ ಬಂದಾಗ ತಂದು ತೋರಿಸಿ. ಗುಂಡಿ ಕೇಳುವುದಿಲ್ಲ. ಕಾಲರ್ ಒಳಗೆ ಒಂದು ಸಲ ನೋಡಿ ಕೊಡುತ್ತೇನೆ.

ನಮಸ್ಕಾರ.